‘ದಿ ಬೇ’ ನಿಜಘಟನೆಯ ದಾಖಲೆಯಲ್ಲ: ಒಂದು ಸ್ಪಷ್ಟನೆ

ಅಮೆರಿಕದ ಊರೊಂದರಲ್ಲಿ ಪರೋಪಜೀವಿಗಳು ಜನರನ್ನು ಒಳಗಿನಿಂದಲೇ ತಿಂದು ಕೊಂದವೆಂದೂ, ‘ದಿ ಬೇ’ ಚಿತ್ರದ ದೃಶ್ಯಗಳು ಅದರ ನಿಜವಾದ ದಾಖಲೆಯೆಂದೂ ಹೇಳುವ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಬ್ಯಾರಿ ಲೆವಿನ್ಸನ್ ನಿರ್ದೇಶಿಸಿದ 2012ರ ಈ ಚಿತ್ರ ಕಡಿಮೆ ವೆಚ್ಚದ ಕಾಲ್ಪನಿಕ ಕಥೆ. ಮೊಬೈಲ್, ಸಿಸಿಟಿವಿ, ಸುದ್ದಿವಾಹಿನಿಯ ಕ್ಯಾಮೆರಾಗಳಲ್ಲಿ ಸೆರೆಯಾದಂತೆ ಅದನ್ನು ಚಿತ್ರೀಕರಿಸಿದ್ದರಿಂದಲೇ ನೋಡಿದವರು ನಂಬಿಬಿಡುತ್ತಾರೆ. ಅದರಲ್ಲಿ ಬರುವ ಕ್ಲಾರಿಜ್ ಎಂಬ ಊರೂ ಕಲ್ಪಿತವೇ.

ಆದರೆ ಚಿತ್ರದಲ್ಲಿ ಬರುವ ಪರೋಪಜೀವಿ ಕಲ್ಪನೆಯಲ್ಲ. ಸೈಮೊಥೋವಾ ಎಕ್ಸಿಗುವಾ ಎಂಬುದು ಹುಳುವಲ್ಲ, ಸಿಗಡಿ, ಏಡಿಗಳ ದೂರದ ಸಂಬಂಧಿ. ಅದು ಕಿವಿರಿನ ಮೂಲಕ ಮೀನಿನ ಬಾಯಿಗೆ ನುಸುಳುತ್ತದೆ. ಹೆಣ್ಣು ನಾಲಿಗೆಯನ್ನು ಕಚ್ಚಿ ಹಿಡಿದು ರಕ್ತ ಹೀರುತ್ತದೆ, ನಾಲಿಗೆ ಸೊರಗಿ ಉದುರಿದ ಮೇಲೆ ಉಳಿದ ಮೋಟಿಗೆ ಅಂಟಿಕೊಂಡು ತಾನೇ ನಾಲಿಗೆಯ ಜಾಗದಲ್ಲಿ ಕೂರುತ್ತದೆ. ಮೀನಿನ ಬಾಯಿ ತೆರೆದರೆ ಮಾಸಲು ಬಿಳಿ ಮೈಯ, ಎರಡು ಕಪ್ಪು ಕಣ್ಣುಗಳ ಆ ಜೀವಿ ಕಾಣುತ್ತದೆ. ಕೈಯಲ್ಲಿ ಹಿಡಿದರೆ ಚಿವುಟಬಹುದೇ ಹೊರತು ಅದು ಮನುಷ್ಯರ ದೇಹದಲ್ಲಿ ನೆಲೆಸುವುದಿಲ್ಲ.

ಚಿತ್ರದಲ್ಲಿ ನಿಜಕ್ಕೆ ಹತ್ತಿರವಾದುದು ಕಥೆ ನಡೆಯುವ, ಅಮೆರಿಕದ ಪೂರ್ವ ಕರಾವಳಿಯ ಚೆಸಾಪೀಕ್ ಕೊಲ್ಲಿಯ ಮಾಲಿನ್ಯ. ಕೋಳಿ ಸಾಕಣೆಯ ಗೊಬ್ಬರವೂ ಸೇರಿದಂತೆ ಹರಿದುಬರುವ ಸಾರಜನಕ, ರಂಜಕಗಳಿಂದ ಪಾಚಿ ಹೆಚ್ಚಿ, ಅಲ್ಲಿ ಪ್ರತಿ ಬೇಸಿಗೆಯಲ್ಲೂ ಆಮ್ಲಜನಕವಿಲ್ಲದ ನೀರಿನ ವಲಯಗಳು ಉಂಟಾಗುತ್ತವೆ. ಹಂಚಬೇಕಾದ ಸುದ್ದಿ ಇದು.