ಇಲ್ಲಿ ರಾಜಕೀಯ ಮಾತನಾಡಬಾರದು

ನಾನು ತಿಂಗಳಿಗೊಮ್ಮೆ ತಲೆ ಒಪ್ಪಿಸುವ ಸಲೂನು ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಓಣಿಯಲ್ಲಿದೆ. ಎರಡು ಕುರ್ಚಿ, ಎದುರುಬದುರು ಕನ್ನಡಿ, ಮೂಲೆಯಲ್ಲೊಂದು ಟಿ.ವಿ., ಅದರ ಕೆಳಗೆ ಕೆಂಪು ಅಕ್ಷರದ ಬೋರ್ಡು: ‘ಇಲ್ಲಿ ರಾಜಕೀಯ ಮಾತನಾಡಬಾರದು’. ಕನ್ನಡಿಗಳು ಎದುರುಬದುರಾಗಿರುವುದರಿಂದ ಬೋರ್ಡು ಒಂದಾಗಿ ಕಾಣುವುದಿಲ್ಲ. ಒಂದು ನೆಟ್ಟಗೆ, ಒಂದು ತಿರುಗುಮುರುಗು, ಮತ್ತೊಂದು ನೆಟ್ಟಗೆ, ಹೀಗೆ ದೂರ ಹೋಗುತ್ತಾ ಹೋಗುತ್ತಾ ಸಾಸಿವೆಯಷ್ಟಾಗುತ್ತದೆ. ಹಿಂದೊಂದು ಚುನಾವಣೆಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡ ಇಬ್ಬರು ಗಿರಾಕಿಗಳು ಕೈಕೈ ಮಿಲಾಯಿಸಿ ಹಾಗೇ ಎದ್ದು ಹೋದರಂತೆ. ಉಳಿದರ್ಧ ಎಲ್ಲಿ ಮಾಡಿಸಿಕೊಂಡರೋ, ಇಲ್ಲಿಗಂತೂ ದುಡ್ಡು ಬರಲಿಲ್ಲ. ಬೋರ್ಡು ಬಂತು.

ರಾಜಕೀಯ ಬೇಡವೆಂದ ಮೇಲೆ ಮಾತಿಗೆ ಉಳಿದದ್ದು ಮೂರು: ಕಾಫಿ ರೇಟು, ಆನೆ ಕಾಟ, ಫುಟ್‌ಬಾಲು. ಕಾಫಿ ರೇಟು ಎತ್ತಿದರೆ ಎರಡನೇ ಮಾತಿಗೆ ಸರ್ಕಾರ ಬರುತ್ತದೆ. ಆನೆ ಎಂದರೆ ಮೊದಲ ಮಾತಿಗೇ ಬರುತ್ತದೆ. ಹಾಗಾಗಿ ಫುಟ್‌ಬಾಲು. ‘ಆಟ ಆಟವೇ ಸಾರ್, ಇವರದ್ದೆಲ್ಲ ಅದರೊಳಗೆ ತರಬಾರದು’ ಎನ್ನುತ್ತಾರೆ ಸಲೂನಿನವರು. ಅವರ ಕತ್ತರಿಯೂ ಹೌದು ಹೌದು ಎಂದಂತೆ ಕೇಳುತ್ತದೆ. ಶನಿವಾರ ರಾತ್ರಿ ಪಂದ್ಯ ನೋಡಲು ಕೂತಾಗ ನನಗೂ ಹಾಗೇ ಅನಿಸುತ್ತದೆ. ದಿನವಿಡೀ ಕೇಳಿದ್ದನ್ನೇ ಅಲ್ಲೂ ಕೇಳಲು ಯಾರಿಗೆ ಬೇಕು?

ಆದರೆ ಆ ಓಣಿಯ ಬಾಯಲ್ಲಿರುವ ರಸ್ತೆಯ ಹೆಸರೇ ಇಂದಿರಾಗಾಂಧಿ ರಸ್ತೆ. 1978ರ ನವೆಂಬರ್ ಉಪಚುನಾವಣೆಯಲ್ಲಿ, ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟಿನಲ್ಲಿ ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ನಮ್ಮೂರಿನಿಂದ ಲೋಕಸಭೆಗೆ ಹೋದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹೊರಗೆ ಹಾಕಿತು. ಗೋಲು ಹೊಡೆದು ಕುಣಿಯುತ್ತಿರುವಾಗಲೇ ರೆಡ್ ಕಾರ್ಡು. ಅದೇ ವರ್ಷದ ಜೂನಿನಲ್ಲಿ ಅರ್ಜೆಂಟೀನಾ ತನ್ನ ನೆಲದಲ್ಲೇ ಹಾಲೆಂಡನ್ನು 3–1ರಿಂದ ಸೋಲಿಸಿ ಮೊದಲ ವಿಶ್ವಕಪ್ ಗೆದ್ದಿತ್ತು. ಕಪ್ಪು ಕೊಟ್ಟವನು ಸೇನಾಡಳಿತದ ಮುಖ್ಯಸ್ಥ ಜನರಲ್ ವಿಡೆಲಾ. ಸ್ಟೇಡಿಯಮ್ಮಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನೌಕಾಪಡೆಯದೊಂದು ಶಾಲೆಯಿತ್ತು. ಹಿಡಿದು ತಂದವರನ್ನು ಕೂಡಿಹಾಕಿ ಹಿಂಸಿಸುತ್ತಿದ್ದ ಜಾಗ ಅದು. ಜನ ಕುಣಿಯುವ ಕೂಗು ಒಳಗಿದ್ದ ತಮಗೂ ಕೇಳಿಸುತ್ತಿತ್ತೆಂದು ಬದುಕಿ ಬಂದವರು ಹೇಳಿದ್ದಾರೆ. ನಮ್ಮ ಬೀದಿಯ ಹುಡುಗರು ಮೆಸ್ಸಿಯ ಹೆಸರಿನ ನೀಲಿ–ಬಿಳಿ ಜೆರ್ಸಿ ಹಾಕಿಕೊಂಡು ಸೈಕಲ್ ತುಳಿಯುವಾಗ ಎದೆಯ ಮೇಲೆ ಮೂರು ನಕ್ಷತ್ರ ಕಾಣುತ್ತವೆ. ಮೊದಲನೆಯದು ಆ 1978ರದು. ಹುಡುಗರಿಗೆ ಇದನ್ನು ಹೇಳಬೇಕೆಂದುಕೊಂಡು ಎರಡು ಸಲ ಬಾಯಿ ತೆರೆದು ಸುಮ್ಮನಾಗಿದ್ದೇನೆ.

ಅಷ್ಟು ದೂರ ಯಾಕೆ, ಹೋದ ಮಳೆಗಾಲ ಮೂಡಿಗೆರೆ ಕಡೆ, ನಮ್ಮ ಚಿಕ್ಕಪ್ಪನ ಊರಿನಲ್ಲಿ ಕೆಸರುಗದ್ದೆ ಫುಟ್‌ಬಾಲ್ ಇತ್ತು. ನಾಟಿಗೆ ಹದ ಮಾಡಿದ ಗದ್ದೆ, ಮೊಣಕಾಲು ಮುಳುಗುವ ಕೆಸರು, ಅಡಿಕೆ ಮರದ ಗೋಲುಕಂಬ. ಜೆರ್ಸಿ ಕೊಡಿಸಿದವರು ಒಂದು ಪಕ್ಷದವರು, ಊಟದ ಖರ್ಚು ಇನ್ನೊಂದು ಪಕ್ಷದವರದು. ಉದ್ಘಾಟನೆಗೆ ಯಾರನ್ನು ಕರೆಯುವುದೆಂದು ಹುಡುಗರು ಮೂರು ದಿನ ಮೀಟಿಂಗ್ ಮಾಡಿದರಂತೆ. ಆಟಕ್ಕೆ ಪ್ರಾಕ್ಟೀಸ್ ಮಾಡಿದ್ದು ಒಂದು ಸಂಜೆ. ಕೊನೆಗೆ ಒಬ್ಬರಿಗೆ ಉದ್ಘಾಟನೆ, ಇನ್ನೊಬ್ಬರಿಗೆ ಬಹುಮಾನ ವಿತರಣೆ. ಫ್ಲೆಕ್ಸಿನಲ್ಲಿ ಇಬ್ಬರ ಮುಖವೂ ಒಂದೇ ಅಳತೆ. ಸ್ಕೇಲು ಹಿಡಿದೇ ಮಾಡಿಸಿದ್ದರು. ಎಲ್ಲಕ್ಕಿಂತ ಕೆಳಗೆ ಸಣ್ಣಕ್ಷರದಲ್ಲಿ: ‘ವಿ.ಸೂ.: ಇದು ಪಕ್ಷಾತೀತ ಕಾರ್ಯಕ್ರಮ’.

ಉದ್ಘಾಟಕರು ಬಿಳಿ ಪಂಚೆ ಎತ್ತಿಕಟ್ಟಿ ಬದುವಿನಿಂದ ಗದ್ದೆಗಿಳಿದರು. ಹಿಂದೆ ಕೊಡೆ ಹಿಡಿದವನು, ಅವನ ಹಿಂದೆ ಮೊಬೈಲ್ ಹಿಡಿದ ಹತ್ತು ಜನ. ಎದುರಿಗಿಟ್ಟ ಚೆಂಡು ಅರ್ಧ ಹೂತು ಕೂತಿತ್ತು. ಅವರು ಜೋರಾಗಿಯೇ ಒದ್ದರು. ಚೆಂಡು ‘ಪಚಕ್’ ಎಂದು ಅಲ್ಲೇ ಉಳಿಯಿತು. ಎದ್ದ ಕೆಸರು ಕೊಡೆಯವನ ಮೋರೆಗೆ ಬಡಿಯಿತು. ಚಪ್ಪಾಳೆಯೋ ಚಪ್ಪಾಳೆ. ಚಿಕ್ಕಪ್ಪ ಕಂಬಳಿ ಕೊಪ್ಪೆಯೊಳಗಿಂದ ತಣ್ಣಗೆ ಹೇಳಿದರು: ‘ನಮ್ಮೂರ ರಸ್ತೆ ಕೆಲಸವೂ ಹಿಂಗೇ ಕಣೋ. ಒದ್ದದ್ದು ಫೋಟೋದಲ್ಲಿ ಬರ್ತದೆ, ಚೆಂಡು ಇದ್ದಲ್ಲೇ ಇರ್ತದೆ.’

ಆ ಒದೆತ ನೋಡುತ್ತಾ ನನಗೆ ಎದುರಾಳಿಯೇ ಇಲ್ಲದ ಒಂದು ಪಂದ್ಯ ನೆನಪಾಯಿತು. 1973ರ ಸೆಪ್ಟೆಂಬರಿನಲ್ಲಿ ಚಿಲಿಯ ಸೇನೆ ಸರ್ಕಾರವನ್ನು ಉರುಳಿಸಿ, ರಾಜಧಾನಿ ಸ್ಯಾಂಟಿಯಾಗೋದ ರಾಷ್ಟ್ರೀಯ ಸ್ಟೇಡಿಯಮ್ಮನ್ನೇ ಜೈಲು ಮಾಡಿಕೊಂಡಿತು. ಸಾವಿರಾರು ಜನ ಅಲ್ಲಿ ಬಂದಿಗಳು. ವಿಶ್ವಕಪ್ ಅರ್ಹತೆಗಾಗಿ ಸೋವಿಯತ್ ತಂಡ ಅಲ್ಲೇ ಬಂದು ಆಡಬೇಕಿತ್ತು, ಆಡುವುದಿಲ್ಲವೆಂದಿತು. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದವರು ಬಂದು ಪರಿಶೀಲಿಸಿ, ಪಂದ್ಯಕ್ಕೆ ಅಡ್ಡಿಯಿಲ್ಲವೆಂದು ವರದಿ ಕೊಟ್ಟರು. ಅವರು ಮೈದಾನ ನೋಡುತ್ತಿದ್ದಾಗ ತಮ್ಮನ್ನು ಕೆಳಗಿನ ಕೋಣೆಗಳಲ್ಲಿ ಅಡಗಿಸಿಟ್ಟಿದ್ದರು ಎನ್ನುತ್ತಾರೆ ಅಲ್ಲಿ ಬಂದಿಗಳಾಗಿದ್ದವರು. ನವೆಂಬರ್ 21ರಂದು ಚಿಲಿ ತಂಡವೊಂದೇ ಮೈದಾನಕ್ಕಿಳಿಯಿತು. ರೆಫರಿ ಶಿಳ್ಳೆ ಹಾಕಿದ. ತಮ್ಮತಮ್ಮಲ್ಲೇ ಚೆಂಡು ದಾಟಿಸಿಕೊಳ್ಳುತ್ತಾ ಹೋಗಿ, ನಾಯಕ ಫ್ರಾನ್ಸಿಸ್ಕೋ ವಾಲ್ಡೆಸ್ ಗೋಲ್‌ಕೀಪರನೇ ಇಲ್ಲದ ಬಲೆಗೆ ಅದನ್ನು ನೂಕಿದ. ಬಂದ ಜನರಿಗೆ ಏನಾದರೂ ತೋರಿಸಬೇಕಲ್ಲ, ಬ್ರೆಜಿಲ್‌ನ ಸ್ಯಾಂಟೋಸ್ ತಂಡದ ಜೊತೆ ಒಂದು ಸ್ನೇಹಪಂದ್ಯ ಆಡಿಸಿದರು. ಅದರಲ್ಲಿ ಚಿಲಿ 5–0ರಿಂದ ಸೋತಿತು. ಆ ಫಿಫಾದವರು ತಾವು ಆಟವನ್ನು ರಾಜಕೀಯದಿಂದ ಕಾಪಾಡಿದೆವೆಂದೇ ನಂಬಿದ್ದಿರಬೇಕು. ಸಲೂನಿನಂಥದೇ ಬೋರ್ಡು, ತೂಗುಹಾಕಿದ್ದು ಮಾತ್ರ ಜೈಲಿನ ಬಾಗಿಲಿಗೆ.

ನಮ್ಮ ದೇಶದ ಬೋರ್ಡು ಇಷ್ಟು ಭಯಂಕರವಲ್ಲ, ಸ್ವಲ್ಪ ತಮಾಷೆಯದು. 2022ರ ಆಗಸ್ಟಿನಲ್ಲಿ ಫಿಫಾ ಭಾರತೀಯ ಫುಟ್‌ಬಾಲ್ ಫೆಡರೇಶನ್ನನ್ನು ಅಮಾನತು ಮಾಡಿತು. ಕಾರಣ: ಹೊರಗಿನವರ ಹಸ್ತಕ್ಷೇಪ. ಆ ಹೊರಗಿನವರೆಂದರೆ ಸುಪ್ರೀಂ ಕೋರ್ಟ್ ನೇಮಿಸಿದ ಆಡಳಿತ ಸಮಿತಿ. ಅದಕ್ಕೆ ಮೊದಲು ಮೂರು ದಶಕ ಫೆಡರೇಶನ್ನಿನ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದ ಪ್ರಿಯರಂಜನ್ ದಾಸ್‌ಮುನ್ಶಿ, ಪ್ರಫುಲ್ ಪಟೇಲ್ ಇಬ್ಬರೂ ಕೇಂದ್ರದಲ್ಲಿ ಮಂತ್ರಿಗಳಾಗಿದ್ದವರು, ಅವರು ಒಳಗಿನವರು! ಹನ್ನೊಂದು ದಿನಕ್ಕೆ ಅಮಾನತು ತೆರವಾಯಿತು. ಮುಂದಿನ ತಿಂಗಳು ಅಧ್ಯಕ್ಷ ಸ್ಥಾನಕ್ಕೆ ನಿಂತವರು ಇಬ್ಬರೂ ಆಟಗಾರರು ಎಂದು ಜನ ಖುಷಿಪಟ್ಟರು. ಒಬ್ಬರು ಗೋಲ್‌ಕೀಪರ್ ಆಗಿದ್ದ ಕಲ್ಯಾಣ್ ಚೌಬೆ, ಬಿಜೆಪಿಯಿಂದ ಚುನಾವಣೆಗೆ ನಿಂತು ಸೋತವರು. ಇನ್ನೊಬ್ಬರು ಗೋಲು ಹೊಡೆಯುವ ಸ್ಟ್ರೈಕರ್ ಆಗಿದ್ದ ಬೈಚುಂಗ್ ಭುಟಿಯಾ, ತೃಣಮೂಲದಿಂದ ನಿಂತು ಸೋತು, ಆಮೇಲೆ ಸಿಕ್ಕಿಮಿನಲ್ಲಿ ಸ್ವಂತ ಪಕ್ಷ ಕಟ್ಟಿದವರು. ಫಲಿತಾಂಶ 33–1, ಚೌಬೆ ಕಡೆಗೆ. ಗೋಲ್‌ಕೀಪರ್ ಒಬ್ಬ ಸ್ಟ್ರೈಕರನ ಮೇಲೆ ಇಷ್ಟು ಗೋಲು ಹೊಡೆದದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಹಾಗಾದರೆ ಬೇರೆ ಇಡಬೇಕೋ ಬೇಡವೋ? ನಮ್ಮೂರಲ್ಲಿ ಕಾಫಿಪುಡಿ ಅಂಗಡಿಗೆ ಹೋದರೆ ಮೊದಲು ಕೇಳುವುದು ‘ಚಿಕೋರಿ ಎಷ್ಟು ಹಾಕಲಿ?’ ಎಂದು. ಬೇಡವೆನ್ನುವವರೂ ಇದ್ದಾರೆ, ಆದರೆ ತೋಟದವರ ಮನೆಯಲ್ಲೇ ಬೆರೆಸಿದ ಪುಡಿ ಕುಡಿಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೆರೆಸಿಕೊಂಡು ಕುಡಿಯುವವರ ಮೇಲೆ ನನ್ನ ತಕರಾರಿಲ್ಲ. ಬೆರೆಸಿ, ಪೊಟ್ಟಣದ ಮೇಲೆ ಶುದ್ಧ ಕಾಫಿ ಎಂದು ಬರೆಯುವವರ ಮೇಲೆ ಇದೆ. ‘ಆಟದಲ್ಲಿ ರಾಜಕೀಯ ತರಬೇಡಿ’ ಎಂಬ ಮಾತು ನಾನು ಕೇಳಿರುವುದು ಹೆಚ್ಚಾಗಿ ವೇದಿಕೆಯ ಮೇಲೆ ಕೂತವರಿಂದ. ಕೆಸರಿನಲ್ಲಿರುವ ಹುಡುಗ ಏನಾದರೂ ಕೇಳಿದಾಗ ಅವರಿಗೆ ಅದು ನೆನಪಾಗುತ್ತದೆ.

ತಂದದ್ದರಿಂದ ಒಳ್ಳೆಯದಾದದ್ದೂ ಇದೆ. 2005ರ ಅಕ್ಟೋಬರಿನಲ್ಲಿ, ಅಂತರ್ಯುದ್ಧದಲ್ಲಿ ಸಿಕ್ಕಿದ್ದ ಆಫ್ರಿಕಾದ ಐವರಿ ಕೋಸ್ಟ್ ಮೊದಲ ಸಲ ವಿಶ್ವಕಪ್ಪಿಗೆ ಅರ್ಹತೆ ಪಡೆದ ದಿನ, ಅದರ ಆಟಗಾರ ಡಿಡಿಯೆ ಡ್ರೋಗ್ಬಾ ಡ್ರೆಸಿಂಗ್ ರೂಮಿನಲ್ಲಿ ಮೈಕು ಹಿಡಿದು, ಜೊತೆಗಾರರೊಂದಿಗೆ ಮೊಣಕಾಲೂರಿ, ಬಂದೂಕು ಕೆಳಗಿಡಿ ಎಂದು ದೇಶದ ಜನರಲ್ಲಿ ಬೇಡಿಕೊಂಡರು. 2007ರಲ್ಲಿ ಬಂಡುಕೋರರ ಕೋಟೆಯಾಗಿದ್ದ ಬುವಾಕೆಯಲ್ಲೇ ರಾಷ್ಟ್ರೀಯ ತಂಡ ಆಡಿತು. ಅವರೊಬ್ಬರೇ ಯುದ್ಧ ನಿಲ್ಲಿಸಿದರೆಂದು ಕಥೆ ಕಟ್ಟುವವರಿದ್ದಾರೆ. ಅಷ್ಟು ಸಲೀಸಲ್ಲ, 2010ರ ಚುನಾವಣೆಯ ಮೇಲೆ ಮತ್ತೆ ಹೊಡೆದಾಟವಾಯಿತು. ಆದರೂ ಆ ಮೊಣಕಾಲೂರಿದ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇದನ್ನೆಲ್ಲ ಮೊನ್ನೆ ಸಲೂನಿನವರಿಗೆ ಹೇಳಲು ಹೊರಟೆ. ಗಡ್ಡಕ್ಕೆ ನೊರೆ ಹಚ್ಚಿಯಾಗಿತ್ತು, ಬಾಯಿ ತೆರೆದರೆ ಸೋಪು. ಅವರು ಕತ್ತಿಗೆ ಹೊಸ ಬ್ಲೇಡು ಹಾಕಿ, ನನ್ನ ಗದ್ದವನ್ನು ಎರಡು ಬೆರಳಲ್ಲಿ ಮೇಲೆತ್ತಿ ಗಂಟಲಿನ ಮೇಲಿಟ್ಟರು. ಟಿ.ವಿ. ಸದ್ದು ಕಡಿಮೆ ಮಾಡಿದರು. ಹಿಂದಿನ ಬೆಂಚಿನಲ್ಲಿ ಯಾರೂ ಇಲ್ಲವೆಂದು ಕನ್ನಡಿಯಲ್ಲೇ ನೋಡಿಕೊಂಡು, ಕಿವಿಯ ಹತ್ತಿರ ಬಗ್ಗಿ ಕೇಳಿದರು:

‘ಯಾರಿಗೂ ಹೇಳಲ್ಲ ಸಾರ್. ಈ ಸಲ ನಿಮ್ಮ ವೋಟು ಯಾರಿಗೆ?’

ಕನ್ನಡಿಯೊಳಗೆ ಬೋರ್ಡು ನೆಟ್ಟಗೂ ತಿರುಗುಮುರುಗಾಗಿಯೂ ನಿಂತಿತ್ತು. ತುಟಿ ಅಲ್ಲಾಡದಂತೆ ‘ಅರ್ಜೆಂಟೀನಾಕ್ಕೆ’ ಎಂದೆ.

ಕತ್ತಿ ಅಲ್ಲೇ ನಿಂತಿತು. ಅವರು ಬ್ರೆಜಿಲ್ ಕಡೆಯವರೆಂಬುದು ನನಗೆ ನೆನಪಾದದ್ದು ಆಗ.