ಒರಳು ಕುಟ್ಟೋಕೆ ಬಾಲಿಗೆ ಹೋದವನು

ಬಾಲಿಗೆ ಹೊರಟಾಗ ನನಗೆ ಒಳಗೊಳಗೇ ಜಂಬ. ಅಲ್ಲೂ ತೆಂಗಿನಕಾಯಿ, ಅರಿಶಿನ, ಬಾಳೆ ಎಲೆ, ಬೆಲ್ಲ. ಮೈಸೂರಲ್ಲಿ ಹುಟ್ಟಿ ಅಮ್ಮನ ಅಡುಗೆಮನೆಯಲ್ಲಿ ಬೆಳೆದವನಿಗೆ ಇವರೇನು ಕಲಿಸ್ತಾರೆ ಅನ್ನೋ ಧಿಮಾಕು.

ಮೊದಲ ಏಟು ಬಿದ್ದದ್ದು ಉಬುದ್‌ನ ಒಂದು ವಾರುಂಗ್‌ನಲ್ಲಿ. ವಾರುಂಗ್ ಅಂದ್ರೆ ನಮ್ಮ ಗೂಡಂಗಡಿಗಿಂತ ದೊಡ್ಡದು, ದರ್ಶಿನಿಗಿಂತ ಚಿಕ್ಕದು. ಅನ್ನದ ಪಕ್ಕ ಸಾಂಬಾಲ್ ಮತಾಹ್ ಬಡಿಸಿದರು. ಮತಾಹ್ ಅಂದ್ರೆ ಹಸಿ. ಸಣ್ಣ ಈರುಳ್ಳಿ, ಮೆಣಸಿನಕಾಯಿ, ಮಜ್ಜಿಗೆ ಹುಲ್ಲಿನ ಬುಡ ಎಲ್ಲಾ ಸಣ್ಣಗೆ ಹೆಚ್ಚಿ, ಮೇಲೆ ಬಿಸಿ ಕೊಬ್ಬರಿ ಎಣ್ಣೆ ಸುರಿದು ಕಲಸಿದ್ದು. "ಇದು ಥೇಟ್ ನಮ್ಮ ಹಸಿಗೊಜ್ಜು ಕಣೇ" ಅಂತ ಹೆಂಡತಿಗೆ ಹೇಳ್ತಾ ಮೂರು ಸಲ ಹಾಕಿಸಿಕೊಂಡೆ. ಏನೋ ಒಂದು ಗಮ್ಮತ್ತಿನ ವಾಸನೆ, ಬೆಳ್ಳುಳ್ಳಿ ಜಾಸ್ತಿ ಇರಬೇಕು ಅಂದುಕೊಂಡೆ. ಹೆಂಡತಿ ಮಾತ್ರ ಮುಟ್ಟದೆ, ಮೊದಲು ಅದೇನು ಅಂತ ಕೇಳಿದಳು. ತೆರಾಸಿ ಅಂತೆ. ಸಣ್ಣ ಸಿಗಡಿಗೆ ಉಪ್ಪು ಹಾಕಿ ಹುದುಗಿಸಿ ಮಾಡಿದ ಉಂಡೆ. ನಾವು ಏಳು ತಲೆಮಾರಿನ ಸಸ್ಯಾಹಾರಿಗಳು. ಇದನ್ನು ಅಮ್ಮನಿಗೆ ಯಾರೂ ಹೇಳಬೇಡಿ.

ಮಾರನೇ ದಿನ ಪಕ್ಕದ ಹಳ್ಳಿಯಲ್ಲಿ ಅಡುಗೆ ಕ್ಲಾಸು. ಕಲಿಸುವವರನ್ನು ಎಲ್ಲರೂ ಇಬು ಅಂತ ಕರೆಯುತ್ತಿದ್ದರು, ಅಂದರೆ ಅಮ್ಮ. ತೆರಾಸಿ ಬೇಡ ಅಂದಾಗ ನಕ್ಕು, ಅದರ ಬದಲಿಗೆ ಉಪ್ಪು ತೋರಿಸಿದರು. ಮೊದಲ ಪಾಠ ಬಸೆ ಗೆನೆಪ್ ಅನ್ನೋ ಅರೆದ ಮಸಾಲೆ. ಬಾಲಿಯ ಅಡುಗೆಯ ತಾಯಿಬೇರು ಅದು. ಈರುಳ್ಳಿ, ಬೆಳ್ಳುಳ್ಳಿ, ಅರಿಶಿನ ಕೊಂಬು, ಶುಂಠಿ, ಶುಂಠಿಯ ದಾಯಾದಿಗಳಂತಿರುವ ಇನ್ನೆರಡು ಗೆಡ್ಡೆ, ಕೊತ್ತಂಬರಿ ಬೀಜ, ಕಾಳುಮೆಣಸು, ಜಾಯಿಕಾಯಿ. ಎಲ್ಲವನ್ನೂ ಅರೆಯೋದಕ್ಕೆ ಚೊಬೆಕ್, ಅಂದರೆ ತಟ್ಟೆಯಂಥ ಕಲ್ಲು, ಜೊತೆಗೆ ಸೊಟ್ಟ ಹಿಡಿಯ ಗುಂಡು.

ಕಲ್ಲು, ಗುಂಡು ಕಂಡ ಮೇಲೆ ಕೇಳಬೇಕೆ? ಅಜ್ಜಿಯ ಒರಳು ನೆನೆದು ಮೇಲಿಂದ ಜಡಿದೆ. ಚೊಬೆಕ್‌ನಲ್ಲಿ ಕುಟ್ಟೋದಲ್ಲ, ಒತ್ತಿ ಎಳೆದು ಉಜ್ಜೋದು. ನನಗೆ ಅದು ಗೊತ್ತಾದದ್ದು ಮೆಣಸಿನಕಾಯಿ ಚೂರೊಂದು ನೇರ ಬಲಗಣ್ಣಿಗೆ ಹಾರಿದ ಮೇಲೆ. ಅರ್ಧ ಗಂಟೆ ನಲ್ಲಿ ಕೆಳಗೆ ಮುಖ ಇಟ್ಟುಕೊಂಡು ಕೂತೆ. ಅಷ್ಟರಲ್ಲಿ ಹೆಂಡತಿ ನನ್ನ ಪಾಲನ್ನೂ ಅರೆದು ಮುಗಿಸಿದ್ದಳು.

ಒಂದು ಕಣ್ಣು ಮುಚ್ಚಿಕೊಂಡೇ ವಾಪಸ್ ಬಂದೆ. ಅಲ್ಲೊಂದು ಬಟ್ಟಲಲ್ಲಿ ಬಿಳಿ ಬೀಜಗಳಿದ್ದವು. ಗೋಡಂಬಿ ಅಂದುಕೊಂಡು ಎರಡು ಬಾಯಿಗೆ ಎಸೆದೆ. ಇಬು ಕಿರುಚಿದರು! ಅದು ಕೆಮಿರಿ. ದೀಪದ ಹಾಗೆ ಉರಿಯುವಷ್ಟು ಎಣ್ಣೆ ಇರುವ ಬೀಜ. ಬೇಯಿಸದೆ ತಿಂದರೆ ಹೊಟ್ಟೆ ಕೆಡುತ್ತದೆ, ಭೇದಿಯಾಗುತ್ತದೆ. ಅದು ನಿಜವೋ ಸುಳ್ಳೋ ಅಂತ ಆ ರಾತ್ರಿ ನಾನೇ ಪರೀಕ್ಷೆ ಮಾಡಿ ನೋಡಿದೆ. ನಿಜ.

ಮಧ್ಯಾಹ್ನ ಅಡುಗೆ ಮುಗಿಯಿತು. ಉರಾಬ್ ಅಂತ ಒಂದು ಮಾಡಿದ್ದೆವು, ಬೆಂದ ತರಕಾರಿಗೆ ತೆಂಗಿನ ತುರಿ, ಮಸಾಲೆ ಕಲಸಿದ್ದು. ಪರಿಮಳಕ್ಕೆ ತಡೆಯಲಾಗದೆ ಒಂದು ಚಮಚ ಬಾಯಿಗಿಡಲು ಹೋದರೆ, ಇಬು ಕೈ ಹಿಡಿದರು. ಮೊದಲು ಸಾಯಿಬಾನ್ ಇಡಬೇಕು. ಬಾಳೆ ಎಲೆಯ ಚಿಕ್ಕ ಚಿಕ್ಕ ತುಂಡು, ಅದರ ಮೇಲೆ ಚಿಟಿಕೆ ಅನ್ನ. ಒಲೆಯ ಹತ್ತಿರ ಒಂದು, ನೀರಿನ ಹತ್ತಿರ ಒಂದು, ಅರೆಯುವ ಕಲ್ಲಿನ ಹತ್ತಿರ ಒಂದು. ಬೇಯಿಸುವಾಗ, ಅರೆಯುವಾಗ ನಮಗೆ ಗೊತ್ತಿಲ್ಲದೆ ಸತ್ತ ಇರುವೆ, ಹುಳು ಇವುಗಳಿಗಾಗಿ ಕ್ಷಮೆ ಕೇಳೋದಂತೆ. ನನಗೆ ನಾಚಿಕೆ ಆಯ್ತು. ನೈವೇದ್ಯಕ್ಕೆ ಮೊದಲು ಹುಗ್ಗಿ ರುಚಿ ನೋಡಿದ್ದಕ್ಕೆ ಎಂಟನೇ ವಯಸ್ಸಲ್ಲಿ ಅಮ್ಮ ಕೊಟ್ಟ ಸೌಟಿನ ಏಟು ಇನ್ನೂ ನೆನಪಿದೆ. ಅಷ್ಟು ದೂರ ಹೋಗಿ ಅದೇ ತಪ್ಪು!

ಊರಿಗೆ ಬಂದ ಮೇಲೆ ಮನೆಯವರಿಗೆಲ್ಲ ಬಾಲಿ ಊಟ ಹಾಕಿಸುವ ಉಮೇದು. ಚೊಬೆಕ್ ತಂದಿರಲಿಲ್ಲ, ಕಲ್ಲು ಹೊತ್ತು ತಂದರೆ ಲಗೇಜಿಗೆ ದಂಡ ಕಟ್ಟೋರು ಯಾರು? ಮಿಕ್ಸಿಗೇ ಎಲ್ಲಾ ಹಾಕಿದೆ, ಮಜ್ಜಿಗೆ ಹುಲ್ಲನ್ನು ಹೆಚ್ಚದೆ ಉದ್ದುದ್ದಕ್ಕೆ. ಅದರ ನಾರು ಬ್ಲೇಡಿಗೆ ಸುತ್ತಿಕೊಂಡು ಮಿಕ್ಸಿ ಒಂದು ಸಲ ಗೊರ್ ಅಂದು ಸುಮ್ಮನಾಯಿತು. ಹೊಗೆ ಬಂತು. ಅಮ್ಮ ಮಾತಾಡಲಿಲ್ಲ, ಅದು ಬೈಗುಳಕ್ಕಿಂತ ಕಷ್ಟ.

ರಿಪೇರಿಗೆ ಎಂಟುನೂರು ರೂಪಾಯಿ ಕೊಟ್ಟು ತಂದೆ. ಆವತ್ತು ಅನ್ನ ಆದ ಮೇಲೆ ಇಬು ನೆನಪಾದರು. ಬಾಳೆ ಎಲೆಯ ತುಂಡಿನಲ್ಲಿ ಚಿಟಿಕೆ ಅನ್ನ ಇಟ್ಟು ಮಿಕ್ಸಿಯ ಮುಂದೆ ಭಕ್ತಿಯಿಂದ ಇಟ್ಟೆ.

ಅಮ್ಮ ಬಂದು ನೋಡಿದರು. "ಏನೋ ಇದು?"

"ಮಿಕ್ಸಿಗೆ ಅಮ್ಮ. ಅರೆಯುವಾಗ ಸತ್ತ ಇರುವೆಗಳಿಗೆ."

"ಮೊದಲು ತೆಗಿ ಅದನ್ನ. ಬದುಕಿರೋ ಇರುವೆ ಎಲ್ಲಾ ಬರುತ್ವೆ."