ಒಂದೇ ಕೋಣೆಯಲ್ಲಿ ಯಾವುದು ಯಾವುದಕ್ಕೆ ತಾಗಬಾರದು

ಟೋಕಿಯೊದ ಪೂರ್ವ ತುದಿಯ ಎದೊಗಾವಾ ವಾರ್ಡಿಗೆ ಸೇರಿದ ನಿಶಿಕಸಾಯ್‌ನಲ್ಲಿ ನಾನೂ ನನ್ನ ಹೆಂಡತಿಯೂ ಆರು ವರ್ಷಗಳಿಂದ ಒಂದೇ ಕೋಣೆಯ ಮನೆಯಲ್ಲಿ ಬಾಳುತ್ತಿದ್ದೇವೆ. ಬಾಗಿಲು ತೆರೆದರೆ ಚಪ್ಪಲಿ ಬಿಡಲು ಒಂದು ತಗ್ಗು, ಅದಕ್ಕೆ ಹೊಂದಿಕೊಂಡು ಒಂದೇ ಒಲೆಯ ಅಡುಗೆಕಟ್ಟೆ, ಎದುರಿಗೆ ಬಚ್ಚಲು, ಬೇರೆಯಾಗಿ ಪಾಯಿಖಾನೆ, ಆಮೇಲೆ ಎಂಟು ‘ಜೋ’ ಅಳತೆಯ ಕೋಣೆ, ಅದರಾಚೆ ಬಟ್ಟೆ ಒಣಗಿಸುವಷ್ಟು ಬಾಲ್ಕನಿ: ಮನೆಯೆಂದರೆ ಇಷ್ಟೇ. ಜೋ ಎಂದರೆ ಒಂದು ತತಾಮಿ ಚಾಪೆ ಹಿಡಿಯುವ ಜಾಗ, ಅಂದರೆ ಹೆಚ್ಚುಕಡಿಮೆ ಒಬ್ಬರು ಕಾಲು ಚಾಚಿ ಮಲಗುವಷ್ಟು. ಬಾಡಿಗೆ ಮನೆಗಳ ಜಾಹೀರಾತಿನಲ್ಲಿ ಒಂದು ಜೋ ಕನಿಷ್ಠ 1.62 ಚದರ ಮೀಟರ್ ಇರಬೇಕೆಂಬ ನಿಯಮ ಇಲ್ಲಿದೆ. ಆ ಲೆಕ್ಕದಲ್ಲಿ ನಮ್ಮ ಕೋಣೆ 13 ಚದರ ಮೀಟರ್, ನಮ್ಮೂರಿನ ಮಾತಿನಲ್ಲಿ 140 ಚದರ ಅಡಿ.

ಮೊದಲ ವರ್ಷ ನಾವು ಇದರಲ್ಲಿ ಸುಖವಾಗಿ ಇರಲಿಲ್ಲ. ಬೆಂಗಳೂರಿನಲ್ಲಿ ಬಿಟ್ಟು ಬಂದ ಎರಡು ಮಲಗುಕೋಣೆಗಳ ಮನೆಯನ್ನೇ ಕುಗ್ಗಿಸಿ ಇಲ್ಲಿ ಕಟ್ಟಲು ಹೊರಟಿದ್ದೆವು. ಜೋಡಿ ಮಂಚ, ಚಿಕ್ಕ ಸೋಫಾ, ಕುರ್ಚಿ, ಮೇಜು ಎಲ್ಲವೂ ಬಂದವು. ಓಡಾಡುವುದಕ್ಕೆ ಉಳಿದದ್ದು ಒಂದು ಅಡ್ಡ ಹೆಜ್ಜೆಯಷ್ಟು ಜಾಗ. ಕೊನೆಗೆ ಮಂಚದ ಮೇಲೆಯೇ ಕಚೇರಿಯ ಕೆಲಸ, ಮಂಚದ ಮೇಲೆಯೇ ಒಗೆದ ಬಟ್ಟೆಯ ರಾಶಿ, ಮಂಚದ ಮೇಲೆಯೇ ಊಟ ನಡೆಯತೊಡಗಿತು. ದಿನವಿಡೀ ಮಲಗುವ ಮನೆಯಲ್ಲೇ ಇದ್ದಂತಾಗಿ, ರಾತ್ರಿ ಮಲಗಿದರೂ ವಿಶ್ರಾಂತಿ ಎನಿಸುತ್ತಿರಲಿಲ್ಲ. ತೊಂದರೆಗೆ ಗೋಡೆಗಳು ಇಲ್ಲದಿರುವುದೇ ಕಾರಣವೆಂದು ನಾವು ನಂಬಿದ್ದೆವು.

ಮರುವರ್ಷ ಜೂನ್ ತಿಂಗಳಲ್ಲಿ ಅಮ್ಮ ಮೂರು ವಾರಕ್ಕೆಂದು ಬಂದಳು. ಎರಡನೆಯ ದಿನ ಬೆಳಿಗ್ಗೆ ನಾನು ತಟ್ಟೆ ಹಿಡಿದು ಮಂಚದ ಮೇಲೆ ಕೂತಾಗ ಅವಳು ತನ್ನ ತಟ್ಟೆ ತೆಗೆದುಕೊಂಡು ನೆಲಕ್ಕೆ ಕೂತಳು. “ಹಾಸಿಗೆ ಮೇಲೆ ಕೂತು ಉಣ್ಣಬಾರದು ಅಂತ ಸಣ್ಣವನಿದ್ದಾಗ ಎಷ್ಟು ಸಲ ಹೇಳಿದ್ದೆ ಮಗಾ” ಎಂದಳೇ ಹೊರತು ಬೇರೇನೂ ಅನ್ನಲಿಲ್ಲ. ನನಗೆ ಸಾಗರ ಪಟ್ಟಣದ ಹತ್ತಿರದ ನಮ್ಮ ಹಳ್ಳಿಮನೆಯ ನಡುಮನೆ ಕಣ್ಣಮುಂದೆ ಬಂತು. ಒಂಬತ್ತು ಜನರ ಆ ಮನೆಯಲ್ಲಿ ಮಲಗುವ ಕೋಣೆ ಎಂಬುದೊಂದು ಇರಲಿಲ್ಲ. ರಾತ್ರಿ ನಡುಮನೆಯ ಉದ್ದಕ್ಕೂ ಹಾಸಿಗೆ ಬಿಚ್ಚುತ್ತಿದ್ದರು, ಬೆಳಕು ಹರಿಯುವ ಹೊತ್ತಿಗೆ ಸುತ್ತಿ ಮೂಲೆಯಲ್ಲಿ ಒಟ್ಟುತ್ತಿದ್ದರು, ಹಬ್ಬಹರಿದಿನಗಳಲ್ಲಿ ಅದೇ ನೆಲದ ಮೇಲೆ ಊಟದ ಎಲೆಗಳ ಸಾಲು ಬೀಳುತ್ತಿತ್ತು. ಆದರೆ ಹಾಸಿಗೆ ಎತ್ತಿ, ಗುಡಿಸಿ, ಒರೆಸದ ನೆಲಕ್ಕೆ ಎಲೆ ಹಾಕುವಂತಿರಲಿಲ್ಲ. ಊಟ ಮುಗಿದ ಮೇಲೆ ನೆಲ ಬಳಿಯದೆ ಆ ಜಾಗವನ್ನು ತುಳಿಯುವಂತಿರಲಿಲ್ಲ. ಅಲ್ಲಿ ಗೋಡೆ ಇರಲಿಲ್ಲ, ಕಟ್ಟಳೆ ಇತ್ತು. ಬೆಂಗಳೂರಿನ ಫ್ಲ್ಯಾಟಿಗೆ ಬಂದಾಗ ಗೋಡೆಗಳು ಆ ಕೆಲಸವನ್ನು ವಹಿಸಿಕೊಂಡದ್ದರಿಂದ ನಾವು ಕಟ್ಟಳೆಯನ್ನು ಕೈಬಿಟ್ಟೆವು, ಮತ್ತೆ ಗೋಡೆಯಿಲ್ಲದ ಮನೆ ಸೇರಿದಾಗ ನಮ್ಮಲ್ಲಿ ಎರಡೂ ಉಳಿದಿರಲಿಲ್ಲ.

ಇದು ನಮ್ಮ ಮನೆಯ ಮಡಿಯ ಮಾತು ಮಾತ್ರವಲ್ಲವೆಂದು ನನಗೆ ತಿಳಿದದ್ದು ಈ ದೇಶದ ನಿಶಿಯಾಮಾ ಉಜೊ ಎಂಬ ವಾಸ್ತುವಿದ್ವಾಂಸರ ಕೆಲಸದ ಬಗ್ಗೆ ಓದಿದಾಗ. ಜಪಾನಿನ ಕೋಣೆ ಯಾವುದಕ್ಕೂ ಒಗ್ಗುತ್ತದೆ, ಆದ್ದರಿಂದ ಬಡವರ ಸಣ್ಣ ಮನೆಯಲ್ಲಿ ಉಣ್ಣುವುದೂ ಮಲಗುವುದೂ ಒಂದೇ ಕಡೆ ನಡೆದರೆ ತೊಂದರೆಯಿಲ್ಲ ಎಂಬ ಎಣಿಕೆ ಬಲವಾಗಿದ್ದ ಕಾಲದಲ್ಲಿ ಅವರು ಜನ ನಿಜವಾಗಿ ಹೇಗೆ ಬದುಕುತ್ತಿದ್ದಾರೆಂದು ಮನೆಗಳನ್ನೇ ಅಧ್ಯಯನ ಮಾಡಿದರು. ಎರಡು ಪುಟ್ಟ ಕೋಣೆಗಳಿದ್ದರೂ ಸಾಕು, ಜನ ಮಲಗುವಾಗಿನ ಇಕ್ಕಟ್ಟನ್ನು ಸಹಿಸಿಕೊಂಡಾದರೂ ಉಣ್ಣುವ ಜಾಗವನ್ನು ಬೇರೆಯಾಗಿ ಉಳಿಸಿಕೊಳ್ಳುತ್ತಾರೆಂದು ಕಂಡುಕೊಂಡರು. ಯುದ್ಧದ ನಂತರ 1951ರಲ್ಲಿ ಸಾರ್ವಜನಿಕ ವಸತಿಗಾಗಿ ರೂಪಿಸಿದ ‘51ಸಿ’ ಎಂಬ ನಕ್ಷೆ ಈ ವಿಚಾರದ ಮೇಲೆಯೇ ನಿಂತಿತು. ಅಡುಗೆಮನೆಯನ್ನು ಸ್ವಲ್ಪ ಹಿಗ್ಗಿಸಿ ಅಲ್ಲೇ ಊಟಕ್ಕೆ ಕೂರುವಂತೆ ಮಾಡಿದ ಆ ನಕ್ಷೆಯ ಮಾದರಿ ಮುಂದೆ ಜಪಾನಿನಾದ್ಯಂತ ಹಬ್ಬಿತು. ಹಾಸಿಗೆಯ ಮೇಲೆ ತಟ್ಟೆ ಇಡಬಾರದೆಂದ ಅಮ್ಮನೂ ಜನರ ಮನೆಹೊಕ್ಕು ನೋಡಿದ ಆ ವಿದ್ವಾಂಸರೂ ಒಂದೇ ಮಾತನ್ನು ಹೇಳಿದ್ದಾರೆ: ಉಣ್ಣುವುದೂ ಮಲಗುವುದೂ ಒಂದಕ್ಕೊಂದು ತಾಗಬಾರದು. ನಮ್ಮ ಹಳ್ಳಿಮನೆಯಂತೆ ಹಾಸಿಗೆಯನ್ನು ಎತ್ತಿಡಲು ಸಾಧ್ಯವಾದರೆ ಒಂದೇ ನೆಲ ಎರಡಕ್ಕೂ ಸಾಕಾಗುತ್ತದೆ. ಎತ್ತಿಡಲಾಗದಿದ್ದರೆ ಉಣ್ಣುವುದಕ್ಕೆ ಬೇರೆ ಮೂಲೆ ಬೇಕೇ ಬೇಕು.

ನಾವು ಮಂಚವನ್ನೂ ಸೋಫಾವನ್ನೂ ತೆಗೆದೆವು. ಇಲ್ಲಿ ಅಂಥ ದೊಡ್ಡ ಸಾಮಾನನ್ನು ಎಸೆಯಬೇಕಾದರೂ ಮೊದಲೇ ದಿನ ಗೊತ್ತುಮಾಡಿಕೊಂಡು, ದುಡ್ಡು ಕೊಟ್ಟು ಚೀಟಿ ತಂದು, ಅದನ್ನು ಅಂಟಿಸಿ ಹೊರಗಿಡಬೇಕು. ಮೂರು ಮಡಿಕೆಯ ಹಾಸಿಗೆಗಳೂ ಕಾಲು ಮಡಚುವ ಒಂದು ತಗ್ಗು ಮೇಜೂ ಬಂದವು. ನಮ್ಮದು ಹಳೆಯ ಕಟ್ಟಡವಾದ್ದರಿಂದ ಗೋಡೆಯೊಳಗೆ ‘ಒಶಿಇರೆ’ ಇದೆ. ಅದು ಮೂರಡಿ ಆಳದ, ನಡುವೆ ಒಂದೇ ಹಲಗೆಯಿರುವ ದೊಡ್ಡ ಗೂಡು, ಹಾಸಿಗೆ ಇಡುವುದಕ್ಕೆಂದೇ ಮಾಡಿದ್ದು. ಮೊದಲ ವರ್ಷ ಅದರಲ್ಲಿ ಖಾಲಿ ಸೂಟ್‌ಕೇಸುಗಳನ್ನು ತುಂಬಿದ್ದೆವು.

ಜೂನ್ ಎಂದರೆ ಇಲ್ಲಿ ‘ತ್ಸುಯು’, ಅಂದರೆ ಮಳೆಯ ಕಾಲ. ನೆಲದ ಮೇಲೆ ಹಾಸಿದ್ದನ್ನು ಹಾಗೆಯೇ ಬಿಟ್ಟರೆ ಕೆಲವೇ ದಿನಗಳಲ್ಲಿ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಮಲೆನಾಡಿನವಳಾದ ಅಮ್ಮನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಸಿಗೆಯ ಅಡಿಗೆ ಅಂಗೈ ಇಟ್ಟು ನೋಡಿ, ಎತ್ತಿ ನಿಲ್ಲಿಸಿ, ಬಿಸಿಲು ಇಣುಕಿದ ಕೂಡಲೇ ಬಾಲ್ಕನಿಯ ಕಂಬಿಗೆ ಹಾಕಿದಳು. ಎದುರಿನ ಕಟ್ಟಡದ ಅಜ್ಜಿಯೊಬ್ಬರು ಅದೇ ಹೊತ್ತಿಗೆ ತಮ್ಮ ಹಾಸಿಗೆ ಹಾಕುತ್ತಿದ್ದರು. ಭಾಷೆಯೇ ಗೊತ್ತಿಲ್ಲದ ಅವರಿಬ್ಬರೂ ಮೂರು ವಾರ ತಲೆಬಾಗಿ ನಮಸ್ಕಾರ ಹೇಳಿಕೊಂಡರು.

ಮೂವರು ದೊಡ್ಡವರು ಮಲಗುವಾಗ ಮರೆ ಬೇಕಿತ್ತು. ಬಾಡಿಗೆ ಮನೆಯನ್ನು ಬಿಡುವಾಗ ಮೊದಲಿದ್ದಂತೆಯೇ ಒಪ್ಪಿಸಬೇಕಾದ್ದರಿಂದ ಗೋಡೆಗೆ ಮೊಳೆ ಹೊಡೆಯುವುದು ಯೋಚಿಸಲೂ ಆಗದ ಮಾತು. ಅದಕ್ಕಾಗಿ ಇಲ್ಲಿ ಬಹಳ ಮನೆಗಳಲ್ಲಿ ‘ತ್ಸುಪ್ಪರಿಬೋ’ ಇರುತ್ತದೆ. ಎರಡು ಗೋಡೆಗಳ ನಡುವೆ ಒತ್ತಿ ನಿಲ್ಲಿಸುವ, ಒಳಗೆ ಸ್ಪ್ರಿಂಗ್ ಇರುವ ಕೋಲು ಅದು. ಅಮ್ಮ ತನ್ನ ಹಳೆಯ ಇಳಕಲ್ ಸೀರೆಯನ್ನು ಎರಡು ಮಡಿಕೆ ಮಾಡಿ ಆ ಕೋಲಿನ ಮೇಲೆ ಇಳಿಬಿಟ್ಟಳು, ಜಾರದಂತೆ ಮೇಲಂಚಿಗೆ ಉದ್ದುದ್ದ ಹೊಲಿಗೆ ಹಾಕಿದಳು. ಕೆಂಪು ದಡಿ ಸರಿಯಾಗಿ ನೆಲಕ್ಕೆ ತಾಗುತ್ತಿತ್ತು. ಆ ಬಟ್ಟೆ ಸದ್ದನ್ನು ತಡೆಯುವುದಿಲ್ಲ, ಬೆಳಕನ್ನೂ ಪೂರ್ತಿ ತಡೆಯುವುದಿಲ್ಲ. ಆದರೂ ಅದರಾಚೆಯಿಂದ ನಮ್ಮನ್ನು ಕರೆಯಬೇಕಾದಾಗ ಅಮ್ಮ ಮೊದಲು ಬಳೆ ಸದ್ದು ಮಾಡುತ್ತಿದ್ದಳು, ನಾವು ಉತ್ತರ ಕೊಟ್ಟ ಮೇಲೆಯೇ ಸೀರೆ ಸರಿಸುತ್ತಿದ್ದಳು. ಬಾಗಿಲಿದ್ದ ನಮ್ಮ ಬೆಂಗಳೂರಿನ ಮನೆಯಲ್ಲಿ ಇಷ್ಟು ಮರ್ಯಾದೆಯಿಂದ ಯಾರೂ ಬಾಗಿಲು ತಟ್ಟಿದ್ದು ನನಗೆ ನೆನಪಿಲ್ಲ.

ಬಚ್ಚಲಿನ ವಿಷಯದಲ್ಲಿಯೂ ಎರಡು ನಾಡುಗಳ ಹಳೆಯ ರೂಢಿ ಹೊಂದುತ್ತದೆ. 1964ರ ಒಲಿಂಪಿಕ್ಸ್‌ಗೆ ಮುನ್ನ ಟೋಕಿಯೊದ ನ್ಯೂ ಒಟಾನಿ ಹೋಟೆಲನ್ನು ತುರ್ತಾಗಿ ಮುಗಿಸಬೇಕಾದಾಗ, ಕಾರ್ಖಾನೆಯಲ್ಲೇ ಸಿದ್ಧಪಡಿಸಿ ತಂದು ಜೋಡಿಸುವ ಸ್ನಾನಗೃಹ ಹುಟ್ಟಿಕೊಂಡಿತು. ತೊಟ್ಟಿ, ಕೈತೊಳೆಯುವ ಬೋಗುಣಿ, ಪಾಯಿಖಾನೆ ಮೂರೂ ಒಂದೇ ಪೆಟ್ಟಿಗೆಯಲ್ಲಿರುವ ಅದರ ಅಗ್ಗದ ರೂಪ ಒಂದೇ ಕೋಣೆಯ ಮನೆಗಳಿಗೂ ಬಂತು. ಆದರೆ ಇಂದು ಮನೆ ಹುಡುಕುವವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಸ್ನಾನದ ಮನೆಯೂ ಪಾಯಿಖಾನೆಯೂ ಬೇರೆಯಾಗಿವೆಯೇ ಎಂಬುದೂ ಒಂದು. ಹಂಡೆ ಒಲೆಯ ಬಚ್ಚಲಮನೆ ಒಂದು ಕಡೆ, ಪಾಯಿಖಾನೆ ಹಿತ್ತಿಲಾಚೆ ಎಂದು ಬೆಳೆದವನು ನಾನು. ಕೋಣೆ ಚಿಕ್ಕದಾದರೂ ಸರಿ, ಅದು ಬೇರೆ ಇರುವ ಮನೆಯೇ ಬೇಕೆಂದು ಹಟ ಹಿಡಿದೆವು, ಆ ಹಟ ಸರಿಯಾಗಿತ್ತು.

ಒಗ್ಗರಣೆಯ ವಾಸನೆಗೆ ಮಾತ್ರ ಪೂರ್ಣ ಪರಿಹಾರ ಸಿಕ್ಕಿಲ್ಲ. ದಿನವಿಡೀ ಗಾಳಿಯಾಡಿಸುವ ಯಂತ್ರ ಕಡ್ಡಾಯವಾದದ್ದು 2003ರಲ್ಲಿ, ನಮ್ಮ ಕಟ್ಟಡ ಅದಕ್ಕೂ ಹಿಂದಿನದು. ಕಿಟಕಿ ತೆರೆದು, ಸೀರೆಯನ್ನು ತೆಗೆದಿಟ್ಟು, ಮುಚ್ಚಳ ಮುಚ್ಚಿ ಸಾಸಿವೆ ಸಿಡಿಸುತ್ತೇವೆ.

ಸಣ್ಣ ಮನೆಯೇ ಶ್ರೇಷ್ಠವೆಂದು ನಾನು ವಾದಿಸುತ್ತಿಲ್ಲ. ಮಾತು ಬೆಳೆದ ದಿನ ಬಾಗಿಲು ಹಾಕಿಕೊಳ್ಳುವ ಇನ್ನೊಂದು ಕೋಣೆ ಇಲ್ಲದಿರುವುದು ಕಷ್ಟವೇ. ಅಂಥ ಹೊತ್ತಿನಲ್ಲಿ ನಮ್ಮಲ್ಲೊಬ್ಬರು ಅರಾಕಾವಾ ನದಿಯ ದಂಡೆಗೆ ನಡೆಯಲು ಹೋಗುತ್ತೇವೆ. ಚಿಕ್ಕ ಜಾಗವೆಲ್ಲ ಮನೆಯಾಗುವುದೂ ಇಲ್ಲ. 1972ರಲ್ಲಿ ವಾಸ್ತುಶಿಲ್ಪಿ ಕುರೊಕಾವಾ ಕಿಶೊ ಟೋಕಿಯೊದಲ್ಲಿ ಕಟ್ಟಿದ ನಕಾಗಿನ್ ಗೋಪುರದಲ್ಲಿ ಹತ್ತು ಹತ್ತು ಚದರ ಮೀಟರಿನ 140 ಕೋಶಗಳಿದ್ದವು. ಜಗತ್ತೇ ಮೆಚ್ಚಿದ ಆ ಕೋಶಗಳಲ್ಲಿ ಹಾಸಿಗೆ ಗೋಡೆಗೆ ಜಡಿದಿತ್ತು, ಅಡುಗೆಗೆ ಜಾಗ ಇರಲಿಲ್ಲ. 2022ರಲ್ಲಿ ಅದನ್ನು ಕೆಡವಿದರು. ಅದು ಒಂದು ರಾತ್ರಿ ತಂಗಲು ಸೈ, ಸಂಸಾರಕ್ಕೆ ಅಲ್ಲ.

ನನ್ನ ಸಂಕಟ ಬೆಂಗಳೂರಿನದು. ಅಲ್ಲಿ ಈಗ ‘ಸ್ಟುಡಿಯೊ’ ಎಂದು ಮಾರುವ ಮನೆಗಳ ನಕ್ಷೆಗಳನ್ನು ತಮ್ಮ ಕಳುಹಿಸುತ್ತಿರುತ್ತಾನೆ. ನಾನು ನೋಡಿದ ನಕ್ಷೆಗಳಲ್ಲಿ ಮಂಚದ ಚಿತ್ರ ನಟ್ಟನಡುವೆ ಇರುತ್ತದೆ, ಚಪ್ಪಲಿ ಬಿಡುವ ತಾಣ ಇರುವುದಿಲ್ಲ, ಸ್ನಾನ ಮುಗಿಸಿದವರು ಪಾಯಿಖಾನೆಯ ನೆಲವನ್ನೆಲ್ಲ ಒದ್ದೆ ಮಾಡಿಯೇ ಹೊರಬರಬೇಕು. ಈಜುಕೊಳದ ಬಣ್ಣದ ಚಿತ್ರ ಮಾತ್ರ ಮೊದಲ ಪುಟದಲ್ಲೇ ಇರುತ್ತದೆ. ಹೊಸಿಲಿನ ಒಳಗೆ ಚಪ್ಪಲಿ ಬಿಡಲು ಎರಡಡಿ ಅಗಲದ ತಗ್ಗು, ಬಚ್ಚಲಿನಿಂದ ಬೇರೆಯಾದ ಪಾಯಿಖಾನೆ, ಹಾಸಿಗೆ ಇಡಲು ಆರಡಿ ಅಗಲ ಮೂರಡಿ ಆಳದ ಒಂದು ಗೂಡು: ಇವನ್ನು ಕೇಳಿ ಪಡೆ ಎಂದು ಅವನಿಗೆ ಬರೆದಿದ್ದೇನೆ. ಆ ಗೂಡು ತಿನ್ನುವುದು 18 ಚದರ ಅಡಿ. ಒಂದು ಜೋಡಿ ಮಂಚ ಅದರ ಎರಡರಷ್ಟನ್ನು ಹಗಲೂ ರಾತ್ರಿಯೂ ತಿನ್ನುತ್ತದೆ.